ಮಣ್ಣಿನ ಹೆಸರು

ಗುರುಪಾದಪ್ಪ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಲು ಹೊರಟಾಗ ಹೆಂಡತಿ ಅಡ್ಡ ನಿಂತಳು.

“ಓಣ್ಯಾಗ ಎಲ್ಲಾರೂ ಮುಚ್ಚ್ಯಾರ. ನಾವರೆ ಒಂದು ಮೂಲ್ಯಾಗ ಮಣ್ಣು ಬಿಡೂಣ್ರಿ. ಮಳಿ ನೀರು ಎಲ್ಲಿ ಇಂಗಬೇಕು?”

“ವರ್ಷಾ ವರ್ಷಾ ರಾಡಿ ತುಳದು ಸಾಕಾಗೇತಿ. ಇನ್ನ ಈ ಮನ್ಯಾಗ ಮಣ್ಣಿನ ಹೆಸರ ಎತ್ತಬ್ಯಾಡ!” ಎಂದು ಗದರಿದ.

ಅವಳು ಮತ್ತೆ ಎತ್ತಲಿಲ್ಲ.

ಮೊದಲ ದೊಡ್ಡ ಮಳೆಗೇ ಓಣಿಯ ನೀರೆಲ್ಲ ಆ ನುಣುಪು ಅಂಗಳದ ಮೇಲೆ ಜಾರಿ, ಹೊಸ್ತಿಲು ದಾಟಿ, ಒಳಗೆ ಮೊಣಕಾಲುದ್ದ ನಿಂತಿತು. ಕರೆಂಟಿನ ಸ್ವಿಚ್ಚು ಆರಿಸಲೆಂದು ಅವಳು ಆ ನೀರಿಗೇ ಇಳಿದಳು.

ಬೆಳಗ್ಗೆ ಮಳೆ ಬಿಟ್ಟಿತ್ತು. ಒಂದು ಹನಿಯನ್ನೂ ಕುಡಿಯದ ಸಿಮೆಂಟಿನ ಮೇಲೆ ಅವನು ಕೂತೇ ಇದ್ದ. ಪಕ್ಕದ ಮನೆಯವನು ಬಂದು, ತಗ್ಗಿದ ದನಿಯಲ್ಲಿ ಕೇಳಿದ:

“ಕಾಕಾ, ಕಾಕೀನ್ನ ಮಣ್ಣು ಮಾಡೂದು ಎಷ್ಟೊತ್ತಿಗ್ರಿ?”