ಕಾಲಲ್ಲೇ ಉಳಿದ ಬೂಟು

ಮುಖ್ಯೋಪಾಧ್ಯಾಯಿನಿ ಇಂತಿಸಾರ್ ಕೈಗವಸು ಕಳಚಿ, ತಮ್ಮ ಶಾಲೆಯ ಟೀಚರ್ ರುದೈನಾಳ ಹಣೆಯ ಮೇಲೆ ಅಂಗೈ ಇಟ್ಟರು. ರುದೈನಾ ಉಸಿರು ಬಿಗಿಹಿಡಿದಳು. ಬೆಳಿಗ್ಗೆ ಜ್ವರವೆಂದು ಫೋನ್ ಮಾಡಿ ಶಾಲೆಗೆ ರಜೆ ಹಾಕಿದ್ದಳು. ಕಾಯಿಲೆಯೆಂದರೆ ಜೋರ್ಡಾನಿನ ಈ ಅಮ್ಮಾನ್ ನಗರದಲ್ಲಿ ಯಾರಾದರೂ ಕಿತ್ತಳೆ ಹಿಡಿದು ನೋಡಲು ಬಂದೇ ಬರುತ್ತಾರೆ. ಆದರೆ ಮೊದಲ ದಿನವೇ, ಈ ಕೊರೆಯುವ ಗಾಳಿಯಲ್ಲಿ, ಹೆಡ್‌ಮಿಸ್ಸೇ ಬರುತ್ತಾರೆಂದು ಅವಳು ಎಣಿಸಿರಲಿಲ್ಲ.

"ತಣ್ಣಗಿದೆಯಲ್ಲೇ."

"ಜ್ವರ ಇಲ್ಲ, ಮಿಸ್. ಸುಳ್ಳು ಹೇಳ್ದೆ. ಬೂಟು ಹಾಕ್ಕೊಳ್ಳೋಕೆ ಕೂತೋಳಿಗೆ ಮತ್ತೆ ಏಳೋಕೇ ಆಗ್ಲಿಲ್ಲ."

ಇಂತಿಸಾರ್ ಕೆಳಗೆ ನೋಡಿದರು. ಮಧ್ಯಾಹ್ನ ಎರಡಾಗಿತ್ತು. ಒಂದು ಬೂಟು ಇನ್ನೂ ಕಾಲಲ್ಲೇ ಇತ್ತು, ಇನ್ನೊಂದು ಜಮಖಾನದ ಮೇಲೆ ಬಿದ್ದಿತ್ತು. ಅವರು ಕಿತ್ತಳೆ ಚೀಲವನ್ನು ಹೀಟರ್ ಪಕ್ಕಕ್ಕಿಟ್ಟು, ಮಂಡಿಯೂರಿ, ಲೇಸು ಬಿಚ್ಚತೊಡಗಿದರು.

"ಜ್ವರ ಆಗಿದ್ರೆ ನಾಳೆ ಬಾ ಅಂತಿದ್ದೆ," ಎಂದರು. "ನಾಳೆನೂ ಬರಬೇಡ."