ತೋಫು ಪೆಟ್ಟಿಗೆ

ಯುದ್ಧಕಾಲದ ಟೋಕಿಯೋದ ಪರೀಕ್ಷಾ ಕೊಳದಲ್ಲಿ, ಎಳೆಬಂಡಿಯ ಹಿಂದೆ ಮೇಣದ ಪುಟ್ಟ ಮಾದರಿ ಹಡಗು ಹೊರಟಿತು. ಅದು ಎಲ್ಲಾದರೂ ಮುಗ್ಗರಿಸಲಿ ಎಂದು ಕಾಜಿತಾನಿ ಹಲ್ಲು ಕಚ್ಚಿ ಕಾಯುತ್ತಿದ್ದರು. ಸರಕು ಹಡಗುಗಳ ಕಾವಲಿಗೆ ಹೋಗಿ ಅಮೆರಿಕದ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಸಣ್ಣ ನೌಕೆಗಳ ವಿನ್ಯಾಸ ಅವರದು. ಒಂದೊಂದರ ಒಡಲಿಗೂ ಮೀನಿನಂಥ ಬಾಗು ಕೊಟ್ಟಿದ್ದರು. ಶಿಷ್ಯ ಒರಿಹಾರಾ ಆ ಬಾಗನ್ನೆಲ್ಲ ಅಳಿಸಿ, ಬೇಗ ಕಟ್ಟಿ ಮುಗಿಸಲೆಂದು ಚಪ್ಪಟೆ ತಗಡುಗಳ ಒಡಲು ಬರೆದಿದ್ದ. ಅದರ ಮಾದರಿಯೇ ಈಗ ನೀರಿನಲ್ಲಿತ್ತು.

"ಇದು ಹಡಗಲ್ಲ ಕಣಯ್ಯ, ತೋಫು ಮಾರೋನ ಪೆಟ್ಟಿಗೆ," ಎಂದರು ಕಾಜಿತಾನಿ. ಬಾಗಿದ ಗೆರೆ ಎಳೆಯುವ ಮರದ ಪಟ್ಟಿ ಅವರ ಮುಷ್ಟಿಯಲ್ಲಿತ್ತು. ಹಿಡಿದು ಹಿಡಿದು ಅದರ ಅಂಚು ನುಣುಪಾಗಿತ್ತು. "ಸಮುದ್ರ ಇದನ್ನ ಒದ್ದು ವಾಪಸ್ ಕಳಿಸುತ್ತೆ."

"ಒದೀಲಿ ಬಿಡಿ ಮೇಷ್ಟ್ರೇ. ಇದು ಸಮುದ್ರಕ್ಕಾದ್ರೂ ಹೋಗುತ್ತೆ. ನಿಮ್ಮವು ಇನ್ನೂ ಹಡಗುಕಟ್ಟೇಲೇ ಕೂತಿವೆ."

ಮೇಣದ ಹಡಗು ಆಚೆ ತುದಿ ಮುಟ್ಟಿತು. ನೀರಿನ ತಡೆ ಎಷ್ಟೆಂದು ತೋರಿಸುವ ಮುಳ್ಳು, ಕಾಜಿತಾನಿಯ ಹಡಗಿಗೆ ನಿಂತಿದ್ದ ಜಾಗದಿಂದ ಕೂದಲೆಳೆಯಷ್ಟೇ ಸರಿದಿತ್ತು.

"ಮುಳ್ಳು ಕೆಟ್ಟಿದೆ. ಇನ್ನೊಂದ್ಸಲ ಎಳೀರಿ."

ಮತ್ತೆ ಎಳೆದರು. ಮುಳ್ಳು ಅಲ್ಲಿಯೇ ಬಂದು ನಿಂತಿತು. ಒರಿಹಾರಾ ಗೆದ್ದವನಂತೆ ನಗುತ್ತಾನೆಂದು ಕಾಜಿತಾನಿ ಕಾದರು. ಅವನು ನಗಲಿಲ್ಲ.

"ಅಂದ್ರೆ, ಯುದ್ಧ ಶುರುವಾದಾಗ್ಲೇ ಹೀಗೆ ಕಟ್ಟಬಹುದಿತ್ತು, ಅಲ್ವಾ ಮೇಷ್ಟ್ರೇ?"

ಅವನನ್ನು ಚೆನ್ನಾಗಿ ಬೈಯಬೇಕೆಂದು ಕಾಜಿತಾನಿ ಬಾಯಿ ತೆರೆದರು. ಆದರೆ ಕಾವಲು ನೌಕೆಯಿಲ್ಲದೆ ಹೊರಟು ಮುಳುಗಿಹೋದ ಸರಕು ಹಡಗುಗಳ ಹೆಸರುಗಳೇ ಒಂದೊಂದಾಗಿ ಬಾಯಿಗೆ ಬರತೊಡಗಿದವು.