ಎರಡು ಬೆರಳು ಬಟ್ಟೆ

ಎನೆಜಾನ್ ಹಸಿರು ಮಖಮಲ್ಲಿನ ನಿಲುವಂಗಿಯನ್ನು ತೊಡೆಯ ಮೇಲೆ ಹರವಿಕೊಂಡು, ಕಂಕುಳ ಕೆಳಗಿನ ಲೈನಿಂಗ್ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚತೊಡಗಿದಳು. ಮಾರನೆಯ ದಿನ ಮಧ್ಯಾಹ್ನ ಗಂಡಿನ ಕಡೆಯ ಹೆಂಗಸರು ಉಂಗುರ ತೊಡಿಸಲು ಬರುವವರಿದ್ದರು. ತೆಜೆನ್ ಪೇಟೆಯ ಅಂಗಡಿಗಳನ್ನೆಲ್ಲ ಅವಳು ಸುತ್ತಿ ಬಂದಾಗಿತ್ತು. ಚೆಂದದ ಉಡುಪುಗಳೆಲ್ಲ ನಲವತ್ತೆಂಟನೇ ಅಳತೆಗೆ ಮುಗಿದುಹೋಗುತ್ತಿದ್ದವು. ಅವಳದು ಐವತ್ತೆರಡು.

"ಅಂಗಡಿಯೋಳು ಏನಂದ್ಲು ಗೊತ್ತಾ ಅಕ್ಕ? ನಿಮ್ಮ ಅಳತೇದು ಇದೆ, ಆದ್ರೆ ಅಜ್ಜಿಯಂದಿರ ಬಣ್ಣದಲ್ಲಿದೆ ಅಂದ್ಲು" ಎಂದು ಎನೆಜಾನ್ ನಕ್ಕಳು.

ಗೋಡೆಗೆ ಒರಗಿ ಕೂತಿದ್ದ ತಾಯಿ ಓಗುಲ್‌ಬಿಕೆಗೂ ನಗು ಬಂತು. "ಅಂಗಡಿಯವರ ಅಳತೆ ಕಟ್ಕೊಂಡು ನಿನಗೇನೇ? ಎರಡೂ ಪಕ್ಕ ಎರಡೆರಡು ಬೆರಳು ಬಟ್ಟೆ ಒಳಗೆ ಬಿಟ್ಟಿದೀನಿ. ನೀವಿಬ್ರೂ ತೊಟ್ಕೊಳ್ಳಿ ಅಂತಾನೇ ಬಿಟ್ಟಿದ್ದು. ಮೆಲ್ಲಗೆ ಬಿಚ್ಚು, ಮಖಮಲ್ಲಿಗೆ ಬ್ಲೇಡು ತಾಗೀತು." ಆ ನಿಲುವಂಗಿಯ ಕೊರಳ ಕಸೂತಿಗೆ ಅವಳು ಎರಡು ಚಳಿಗಾಲ ಕೂತಿದ್ದಳು. ಅದಾದ ಮೇಲೆ ಸೂಜಿ ಹಿಡಿದಿರಲಿಲ್ಲ. ಕಣ್ಣು ಮಂಜಾಗಿ, ಈಗ ಮಕ್ಕಳನ್ನೂ ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು.

ದೊಡ್ಡ ಮಗಳು ಅಕ್ನಬಾತ್ ಬಟ್ಟಲುಗಳಿಗೆ ಟೀ ಬಗ್ಗಿಸುತ್ತಿದ್ದಳು. ಮದುವೆಯಾಗಿ ಹೋಗುವಾಗ ನಿಲುವಂಗಿಯನ್ನು ತನ್ನ ಜೊತೆಗೆ ಒಯ್ದವಳು ಅವಳೇ, ಇವತ್ತು ಬೆಳಿಗ್ಗೆ ಗಂಟು ಕಟ್ಟಿ ತಂದವಳೂ ಅವಳೇ. ಲೈನಿಂಗ್ ಕೆಳಗೆ ಏನಿದೆ, ಏನಿಲ್ಲ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಮೂರು ವರ್ಷದ ಹಿಂದೆ, ಗೆಳತಿಯ ಮದುವೆಗೆಂದು ಅದನ್ನು ಬಿಗಿ ಮಾಡಿಸಲು ಕೊಟ್ಟಿದ್ದಳು. ಹೊಲಿಗೆಯ ಹೆಂಗಸು ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಕೇಳಿದ್ದಳು: "ಒಳಗೆ ಇಷ್ಟೊಂದು ಬಟ್ಟೆ ಉಳಿದ್ರೆ ಸೊಂಟ ದಪ್ಪ ಕಾಣುತ್ತೆ. ಕತ್ತರಿಸಿಬಿಡ್ಲಾ? ಆಮೇಲೆ ದೊಡ್ಡದು ಮಾಡಕ್ಕಾಗಲ್ಲ, ಈಗ್ಲೇ ಹೇಳಿದೀನಿ." ಅಕ್ನಬಾತ್ ಕನ್ನಡಿಯಲ್ಲಿ ತನ್ನ ಸೊಂಟ ನೋಡಿಕೊಂಡಳು. ಆ ಬಟ್ಟೆ ಯಾರ ಪಾಲಿನದೆಂದು ಅವಳಿಗೆ ಗೊತ್ತಿತ್ತು. ಹೀಗೆ ಮಾಡಿದರೆ ಇನ್ನು ಯಾರೂ ಇದನ್ನು ಕೇಳಲಾರರು ಎಂಬುದೂ ಒಂದು ಕ್ಷಣ ಮನಸ್ಸಿಗೆ ಬಂದುಹೋಯಿತು. "ಕತ್ತರಿಸಿ" ಎಂದಳು.

ತಾಯಿ ನಿಲುವಂಗಿ ತರಲು ಹೇಳಿ ಕಳಿಸಿ ಎಂಟು ದಿನವಾಗಿತ್ತು. ಎಂಟು ದಿನವೂ, ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೇ ಕಳೆದಿದ್ದಳು.

"ಅಮ್ಮ, ಇಲ್ಲೇನೂ ಇಲ್ವಲ್ಲ" ಎಂದಳು ಎನೆಜಾನ್. ಇನ್ನೊಂದು ಪಕ್ಕವನ್ನೂ ಬಿಚ್ಚಿದಳು. "ಇಲ್ಲೂ ಇಲ್ಲ. ಬೆರಳು ಹೋಗ್ಲಿ, ಉಗುರಿನಷ್ಟೂ ಇಲ್ಲ."

"ಇಲ್ದೆ ಎಲ್ಲಿ ಹೋಗುತ್ತೆ? ಕೊಡಿಲ್ಲಿ."

ಓಗುಲ್‌ಬಿಕೆ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದಳು. ಎನೆಜಾನ್ ನೋಡಿದ್ದು ಅಗಲವನ್ನಷ್ಟೇ. ತಾಯಿಯ ಬೆರಳಿಗೆ ದಾರ ಸಿಕ್ಕಿತು. ಕತ್ತರಿಸಿದ ಅಂಚು ಬಿಚ್ಚದಂತೆ ಒತ್ತೊತ್ತಾಗಿ ಸುತ್ತಿದ ಮಿಷಿನ್ನಿನ ಓವರ್‌ಲಾಕ್ ದಾರ. ಅವಳು ಈ ನಿಲುವಂಗಿಗೆ ಒಂದು ಹೊಲಿಗೆಯನ್ನೂ ಮಿಷಿನ್ನಿನಲ್ಲಿ ಹಾಕಿರಲಿಲ್ಲ. ಬೆರಳು ಅಲ್ಲೇ ನಿಂತಿತು. ಅವಳ ಮುಖ ನಿಧಾನವಾಗಿ ಅಕ್ನಬಾತ್ ಕೂತಿದ್ದ ಕಡೆಗೆ ತಿರುಗಿತು. ಟೀ ಬಗ್ಗಿಸುವ ಸದ್ದು ಆಗಲೇ ನಿಂತುಹೋಗಿತ್ತು.

"ನಾನೇ ಮರೆತಿದೀನಿ ಕಣೇ" ಎಂದಳು ಓಗುಲ್‌ಬಿಕೆ. "ಅವತ್ತು ಬಟ್ಟೆ ಸಾಲದೆ ಬಂದಿರ್ಬೇಕು. ವಯಸ್ಸಾಯ್ತಲ್ಲ, ಮಾಡಿದ್ದು ಮಾಡದೇ ಇದ್ದದ್ದು ಎಲ್ಲ ಕಲಸಿಹೋಗುತ್ತೆ."

"ಅಮ್ಮ…" ಎಂದಳು ಅಕ್ನಬಾತ್.

"ಟೀ ಆರಿಹೋಗುತ್ತೆ. ಬಗ್ಗಿಸು."

ಅಕ್ನಬಾತ್ ಬಗ್ಗಿಸಿದಳು.

"ಹೋಗ್ಲಿ ಬಿಡಮ್ಮ, ಬಟ್ಟೆ ಏನ್ ಮಾಡುತ್ತೆ, ಬೆಳೆದದ್ದು ನಾನು" ಎಂದು ಎನೆಜಾನ್ ತಾಯಿಯನ್ನೇ ಸಮಾಧಾನ ಮಾಡಿದಳು. "ಕೊರಳು ಬಿಚ್ಚಿ ಬೇರೆ ಬಟ್ಟೆಗೆ ಕೂರಿಸೋಣ್ವಾ?"

"ಒಂದು ದಿನದಲ್ಲಿ ಆಗೋ ಕೆಲ್ಸ ಅಲ್ಲ ಅದು."

ಆ ಹಸಿರಿನ ಮಖಮಲ್ಲು ಪೇಟೆಯಲ್ಲಿ ಈಗ ಸಿಗುತ್ತಿರಲಿಲ್ಲ. ಎನೆಜಾನ್ ತನ್ನದೊಂದು ಹಳೆಯ ಕಪ್ಪು ಲಂಗವನ್ನು ಕತ್ತರಿಸಿ, ನಾಲ್ಕು ಬೆರಳಗಲದ ಎರಡು ಪಟ್ಟಿ ಮಾಡಿ, ಕಂಕುಳಿಂದ ಸೊಂಟದವರೆಗೆ ಎರಡೂ ಪಕ್ಕ ಕೂರಿಸಿದಳು. ಸಂಜೆಯವರೆಗೂ ಅಕ್ನಬಾತ್ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಹೇಳಲು ಬೇಕಾದಷ್ಟು ಹೊತ್ತಿತ್ತು. ಹೇಳಿದರೆ ತಾಯಿಯ ಮಾತು ಸುಳ್ಳಾಗುತ್ತದಲ್ಲ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಮರುದಿನ ಮನೆ ತುಂಬ ಹೆಂಗಸರು. ನಡುವೆ ಹಾಸಿದ ಬಟ್ಟೆಯ ಮೇಲೆ ಪಲಾವು, ಬಿಸಿ ರೊಟ್ಟಿ, ಮಿಠಾಯಿ. ಕೊರಳ ಕಸೂತಿಯನ್ನು ಹೊಗಳದವರಿಲ್ಲ. ಎನೆಜಾನ್ ಕಪ್ಪು ಪಟ್ಟಿ ಕಾಣದಂತೆ ಎರಡೂ ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಕೂತಿದ್ದಳು. ಉಂಗುರಕ್ಕೆ ಕೈ ಚಾಚಿದಾಗಲೂ ಮೊಳಕೈ ಕದಲಿಸಲಿಲ್ಲ. ದೂರದಲ್ಲಿದ್ದ ತಟ್ಟೆಗೆ ಕೈ ಹಾಕಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟುತ್ತ "ಏಳೇ, ಒಂದು ಸುತ್ತು ಕುಣಿಯೇ" ಎಂದು ಎಳೆದರು. ಅವಳಿಗೆ ಕುಣಿತವೆಂದರೆ ಪ್ರಾಣ. ಆದರೂ ತಲೆ ತಗ್ಗಿಸಿ ಕೂತಲ್ಲೇ ನಕ್ಕಳು.

ಗಂಡಿನ ತಾಯಿಗೆ ಬಹಳ ಮೆಚ್ಚುಗೆಯಾಯಿತು. ಪಕ್ಕದಲ್ಲಿದ್ದ ಅಕ್ನಬಾತ್‌ಳ ತೊಡೆ ತಟ್ಟಿ ಹೇಳಿದಳು: "ಈಗಿನ ಕಾಲದಲ್ಲಿ ಇಂಥ ಹುಡುಗೀನ ನಾನು ಕಂಡಿಲ್ಲಮ್ಮ. ಆಗಿಂದ ನೋಡ್ತಿದೀನಿ, ಕೈ ಕೂಡ ಮೇಲೆ ಎತ್ತಿಲ್ಲ. ಹೀಗಿರೋದನ್ನ ಇವಳಿಗೆ ಯಾರು ಕಲಿಸಿದ್ದು, ನೀನಾ?"

"ಹೂಂ" ಎಂದಳು ಅಕ್ನಬಾತ್. "ನಾನೇ."